ಕುಂತಿಬೆಟ್ಟದ ಗವಿಗಳಲ್ಲಿ ಹಿಂದೆ ಸತ್ತವರನ್ನು ಇಡುತ್ತಿದ್ದರಾ? ನಮ್ಮ ಹೊಲದಲ್ಲೂ ಒಂದು ಕಲ್ಲಿನ ಸುತ್ತು ಇದೆ

ದಿಣ್ಣೆಹೊಲ (ಪಾಂಡವಪುರ ತಾಲ್ಲೂಕು), ಶನಿವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಎರಡು ವಿಷಯ ಕೇಳಬೇಕಿತ್ತು. ಒಂದಕ್ಕೊಂದು ಸಂಬಂಧ ಇದೆಯೋ ಇಲ್ಲವೋ, ನನ್ನ ತಲೆಯಲ್ಲಂತೂ ಎರಡೂ ಸೇರಿಕೊಂಡಿವೆ.

ಕೀನ್ಯಾದ ಒಂದು ಗವಿಯಲ್ಲಿ 78,000 ವರ್ಷದ ಹಿಂದೆ ಪುಟ್ಟ ಮಗುವೊಂದನ್ನು ಹೂತಿದ್ದರು ಅಂತ ಓದಿದೆ. ಅವತ್ತಿನಿಂದ ಮನಸ್ಸು ಅಲ್ಲೇ ಇದೆ. ನಮ್ಮ ಜಗಲಿ ಮೇಲೆ ಕೂತರೆ ಎದುರಿಗೇ ಕುಂತಿಬೆಟ್ಟ. ಚಿಕ್ಕವನಿದ್ದಾಗ ಕುರಿ ಹೊಡೆದುಕೊಂಡು ಹೋಗಿ, ಮಳೆ ಬಂದರೆ ಅಲ್ಲಿನ ಬಂಡೆ ಸಂದಿಯ ಗವಿಗಳಲ್ಲೇ ನಿಲ್ಲುತ್ತಿದ್ದೆವು. ಅಲ್ಲೂ ಹಿಂದಿನವರು ಸತ್ತವರನ್ನು ಇಡುತ್ತಿದ್ದರಾ?

ಇನ್ನೊಂದು, ನಮ್ಮ ದಿಣ್ಣೆ ಹೊಲದ ಮೂಲೆಯಲ್ಲಿ ದುಂಡಗೆ ನೆಟ್ಟ ಕಲ್ಲುಗಳಿವೆ. 17 ಎಣಿಸಿದೆ. ಅಡ್ಡಕ್ಕೆ 12 ಹೆಜ್ಜೆ. ನಡುವೆ ನೆಲ ಸ್ವಲ್ಪ ಉಬ್ಬಿದೆ. ಅಜ್ಜ ಅದನ್ನು ಪಾಂಡವರ ಕಣ ಅನ್ನುತ್ತಿದ್ದರು. ನೇಗಿಲು ಹೂಡಿದಾಗ ಎತ್ತು ಅಲ್ಲಿಗೆ ಬಂದರೆ ಸುತ್ತು ಹಾಕಿಸಿಕೊಂಡು ಹೋಗುತ್ತಿದ್ದರು. ಈಗ ಅಪ್ಪ ಹೊಲ ಸಮ ಮಾಡಿಸಿ ಕಬ್ಬು ಹಾಕಬೇಕು ಅಂತಿದ್ದಾರೆ. ಬುಧವಾರ ಜೆಸಿಬಿ ಬರುತ್ತದೆ. ತೆಗೆಸಬಹುದಾ, ಬೇಡವಾ? ತಿಳಿದವರು ಹೇಳಿ.

ನಿವೃತ್ತ ಮೇಷ್ಟ್ರು (ಮೈಸೂರು), ಶನಿವಾರ ರಾತ್ರಿ 9:42

ತಮ್ಮಾ, ಬುಧವಾರ ಹತ್ತಿರ ಇದೆ, ಹಾಗಾಗಿ ಹೊಲದ ಮಾತು ಮೊದಲು. ದಯವಿಟ್ಟು ಜೆಸಿಬಿ ನಿಲ್ಲಿಸು. ನೀನು ಹೇಳುವ ಲಕ್ಷಣ ನೋಡಿದರೆ ಅದು ಕಲ್ಲುಸುತ್ತಿನ ಗೋರಿ ಇರಬಹುದು. ಕಬ್ಬಿಣ ಬಳಸಲು ಶುರು ಮಾಡಿದ ಕಾಲದ ಜನ ಕಟ್ಟಿದ್ದು. ನಮ್ಮ ಕಡೆ ಸುಮಾರು ಕ್ರಿ.ಪೂ. 1200ರಿಂದ ಕ್ರಿಸ್ತಶಕದ ಮೊದಲ ಶತಮಾನಗಳವರೆಗೂ ಇಂಥವು ಆಗಿವೆ. ಪುಸ್ತಕದಲ್ಲಿ ಬೃಹತ್ ಶಿಲಾ ಸಮಾಧಿ ಅಂತಾರೆ. ಊರವರ ಬಾಯಲ್ಲಿ ಪಾಂಡವರ ಮನೆ, ಪಾಂಡವರ ಗುಡಿ, ಮೋರಿಯರ ಮನೆ.

ಒಂದು ಪ್ರಶ್ನೆ. ಆ ಮೂಲೆಯಲ್ಲಿ ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಬೋಕಿಬಿಲ್ಲೆ, ಅಂದರೆ ಒಡೆದ ಮಡಕೆಯ ಚೂರು, ಸಿಗುತ್ತದಾ?

ದಿಣ್ಣೆಹೊಲ, ಶನಿವಾರ ರಾತ್ರಿ 10:05

ಮೇಷ್ಟ್ರೇ, ಸಿಗುತ್ತದೆ! ಕುಂಟೆಬಿಲ್ಲೆ ಆಡಲು ನಾವು ಅಲ್ಲಿಂದಲೇ ಆರಿಸಿಕೊಂಡು ಬರುತ್ತಿದ್ದೆವು. ಹಿತ್ತಲಲ್ಲಿ ಒಂದು ಬಿದ್ದಿತ್ತು, ಈಗ ತಂದು ನಲ್ಲಿ ಕೆಳಗೆ ತೊಳೆದೆ. ಅಂಗೈ ಅಗಲ ಇದೆ. ಒಳಗೆಲ್ಲಾ ಇದ್ದಿಲಿನ ಕಪ್ಪು. ಬಾಯಿಯ ಅಂಚೂ ಕಪ್ಪು. ಅದರ ಕೆಳಗೆ ಹೊರಮೈ ಹಂಚಿನ ಕೆಂಪು. ಎರಡು ಬಣ್ಣ ಸೇರುವ ಕಡೆ ಗೆರೆ ಇಲ್ಲ, ಒಂದರೊಳಗೆ ಒಂದು ಕರಗಿದ ಹಾಗಿದೆ. ಮೈ ನುಣ್ಣಗಿದೆ, ಯಾರೋ ಕೂತು ಉಜ್ಜಿದ್ದಾರೆ. ಒಳಗೆ ಬೆರಳಾಡಿಸಿದರೆ ಒಂದು ಕಡೆ ಸಣ್ಣ ಗುಳಿ. ನನ್ನ ಹೆಬ್ಬೆರಳು ಅಲ್ಲಿ ಸರಿಯಾಗಿ ಕೂರುತ್ತದೆ.

ನಿವೃತ್ತ ಮೇಷ್ಟ್ರು, ಶನಿವಾರ ರಾತ್ರಿ 10:31

ಆ ಹೆಬ್ಬೆರಳಿನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ.

ಆ ಮಡಕೆಯನ್ನು ಬೋರಲು ಹಾಕಿ ಸುಟ್ಟಿದ್ದಾರೆ. ಬಾಯಿ ಬೂದಿಯಲ್ಲಿ ಹೂತುಕೊಂಡು ಒಳಗೆ ಗಾಳಿ ಹೋಗಿಲ್ಲ, ಅದಕ್ಕೇ ಒಳಮೈ, ಅಂಚು ಎರಡೂ ಕಪ್ಪು. ಹೊರಗೆ ಗಾಳಿ ಆಡಿದ ಕಡೆ ಕೆಂಪು. ಗೋರಿಗಳೊಳಗೆ ಇಂಥ ಬಟ್ಟಲು, ತಟ್ಟೆ, ಮಡಕೆಗಳನ್ನು ಜಾಸ್ತಿ ಇಡುತ್ತಿದ್ದರು. ಜೊತೆಗೆ ಕಬ್ಬಿಣದ ಕತ್ತಿ, ಬಾಣದ ಮೊನೆ, ಮಣಿ.

ಇನ್ನು ಗವಿಯ ವಿಷಯ. ಅದಕ್ಕೆ ನಾಳೆ ಕೂತು ಬರೆಯುತ್ತೇನೆ, ಎರಡು ಸಾಲಿನಲ್ಲಿ ಮುಗಿಯುವುದಲ್ಲ.

ಕುವೆಂಪುನಗರದವಳು, ಭಾನುವಾರ ಬೆಳಿಗ್ಗೆ 7:20

ಆ ಕೀನ್ಯಾದ ಮಗುವಿನ ಬಗ್ಗೆ ನಾನೂ ಓದಿದ್ದೇನೆ. ಗವಿಯ ಹೆಸರು ಪಾಂಗಾ ಯಾ ಸೈದಿ. 2021ರಲ್ಲಿ ಸುದ್ದಿ ಹೊರಗೆ ಬಂತು. ಮಗುವಿಗೆ ಎರಡೂವರೆಯಿಂದ ಮೂರು ವರ್ಷ. ಅಗೆದವರು ಅದಕ್ಕೆ ಮ್ತೋಟೋ ಅಂತ ಹೆಸರಿಟ್ಟರು, ಸ್ವಾಹಿಲಿಯಲ್ಲಿ ಮಗು ಅಂತಲೇ ಅರ್ಥ. ಎಲುಬು ಎಷ್ಟು ಜೀರ್ಣವಾಗಿತ್ತೆಂದರೆ ಮುಟ್ಟಿದರೆ ಪುಡಿ. ಹಾಗಾಗಿ ಸುತ್ತಲಿನ ಮಣ್ಣನ್ನೂ ಸೇರಿಸಿ ಪ್ಲಾಸ್ಟರ್ ಕಟ್ಟಿ, ಇಡೀ ಗಟ್ಟಿಯನ್ನೇ ಎತ್ತಿ ಲ್ಯಾಬಿಗೆ ಒಯ್ದರು. ಕೊನೆಗೆ ಸ್ಪೇನಿನಲ್ಲಿ ಬಿಡಿಸಿ ನೋಡಿದಾಗ ಗೊತ್ತಾಯಿತು, ಬಲ ಮಗ್ಗುಲಿಗೆ ಮಲಗಿಸಿ, ಮೊಣಕಾಲು ಎದೆಗೆ ಮಡಚಿ ಹೂತಿದ್ದಾರೆ.

ನನಗೆ ಗಂಟಲು ಕಟ್ಟಿದ್ದು ಮುಂದಿನ ಮಾತಿಗೆ. ತಲೆ ಒಂದು ಕಡೆ ಜಾರಿತ್ತು. ತಲೆ ಕೆಳಗೆ ಏನೋ ಮೆತ್ತನೆಯದು ಇಟ್ಟಿರಬೇಕು, ಅದು ಕೊಳೆತು ಹೋದ ಮೇಲೆ ತಲೆ ಹಾಗೆ ಜಾರಿದೆ ಅಂತ ಅವರು ಲೆಕ್ಕ ಹಾಕಿದರು. ಮೈಗೆ ಏನೋ ಬಿಗಿಯಾಗಿ ಸುತ್ತಿದ್ದ ಗುರುತೂ ಇತ್ತು. ಅಂದರೆ ಹೊದಿಸಿ, ತಲೆದಿಂಬು ಇಟ್ಟು ಮಲಗಿಸಿದ್ದಾರೆ. ನನ್ನ ಮಗಳಿಗೂ ಈಗ ಮೂರು ವರ್ಷ. ಅವಳೂ ಬಲ ಮಗ್ಗುಲಿಗೇ ಮಲಗುವುದು.

ಸಂಗಮದ ಕಡೆಯವಳು (ತಿ. ನರಸೀಪುರ), ಭಾನುವಾರ ಬೆಳಿಗ್ಗೆ 8:02

ತಲೆದಿಂಬು ಅಂದಿರಲ್ಲ ಅಕ್ಕ, ನಮ್ಮೂರಿಗೂ ಅದಕ್ಕೂ ಒಂದು ನಂಟಿದೆ. ನಮ್ಮ ತಿರುಮಕೂಡಲಿನಲ್ಲಿ 1959ರಿಂದ ಆಗಾಗ ಅಗೆತ ನಡೆಯಿತು, ಪುರಾತತ್ವ ತಜ್ಞ ಎಂ. ಶೇಷಾದ್ರಿಯವರ ಕಾಲದಲ್ಲಿ. ಕಾವೇರಿ, ಕಪಿಲೆ ಸೇರುವ ದಂಡೆಯಲ್ಲಿ ಸುಮಾರು ಮೂರೂವರೆ ಸಾವಿರ ವರ್ಷದ ಹಿಂದಿನ ಊರು ಸಿಕ್ಕಿತು. ಕಲ್ಲಿನ ಕೊಡಲಿ ಬಳಸುತ್ತಿದ್ದ, ದನ ಸಾಕುತ್ತಿದ್ದ ಜನ. ಅಲ್ಲಿ ಸುಟ್ಟ ಮಣ್ಣಿನ ತಲೆಯೊರಗು ಸಿಕ್ಕಿದೆ. ಹತ್ತಿರದ ಹೆಮ್ಮಿಗೆಯಲ್ಲೂ ಸಿಕ್ಕಿದೆ. ಈಜಿಪ್ಟಿನಲ್ಲಿ ಬಳಸುತ್ತಿದ್ದ ತಲೆಯೊರಗಿನ ಹಾಗೇ ಇದೆ ಅಂತ ಆಗ ದೊಡ್ಡ ಚರ್ಚೆ ಆಯಿತು.

ಆ ಕಾಲದವರಿಗೆ ಸತ್ತವರು ದೂರ ಹೋಗಿರಲಿಲ್ಲ. ಬ್ರಹ್ಮಗಿರಿ, ತೆಕ್ಕಲಕೋಟೆ ಇಲ್ಲೆಲ್ಲಾ ಎಳೆ ಕೂಸುಗಳನ್ನು ಮಡಕೆಯೊಳಗಿಟ್ಟು ಜನ ಇರುವ ಜಾಗದಲ್ಲೇ ಹೂತಿದ್ದಾರೆ. ಮಡಕೆ ಅಂದರೆ ಮತ್ತೆ ಗರ್ಭವೇ ಅಲ್ವಾ ಅಂತ ನನಗೆ ಅನ್ನಿಸುತ್ತದೆ. ಇದು ನನ್ನ ಅನಿಸಿಕೆ ಅಷ್ಟೇ.

ನಿವೃತ್ತ ಮೇಷ್ಟ್ರು, ಭಾನುವಾರ ಬೆಳಿಗ್ಗೆ 10:15

ಈಗ ಗವಿ.

ಗವಿಗಳಲ್ಲಿ ಸತ್ತವರನ್ನು ಇಡುವುದು ನಮ್ಮಂಥ ಮನುಷ್ಯರಿಗಿಂತ ಹಳೆಯದಾ ಅನ್ನುವುದೇ ದೊಡ್ಡ ಪ್ರಶ್ನೆ. ಸ್ಪೇನಿನ ಅಟಪುಎರ್ಕಾ ಬೆಟ್ಟದಲ್ಲಿ ಒಂದು ಗವಿಯೊಳಗೆ 13 ಮೀಟರ್ ಆಳದ ಬಾವಿಯಂಥ ಹಳ್ಳ ಇದೆ. ಅದರ ತಳದಲ್ಲಿ ಕನಿಷ್ಠ 28 ಜನರ ಎಲುಬು. ಸುಮಾರು 4,30,000 ವರ್ಷ ಹಳೆಯವು. ಒಬ್ಬೊಬ್ಬರನ್ನಾಗಿ ತಂದು ಹಾಕಿದರಾ, ಬೇರೆ ಹೇಗಾದರೂ ಬಿದ್ದರಾ ಅನ್ನುವ ವಾದ ಇನ್ನೂ ನಡೆಯುತ್ತಿದೆ.

ಗುಂಡಿ ತೋಡಿ ಹೂತದ್ದು ಅಂತ ಹೆಚ್ಚಿನವರು ಒಪ್ಪುವುದು ಇಸ್ರೇಲಿನ ಸ್ಖೂಲ್, ಕಫ್ಜೆ ಗವಿಗಳನ್ನು. 90,000ದಿಂದ 1,20,000 ವರ್ಷ. ಕಫ್ಜೆಯಲ್ಲಿ ಒಬ್ಬ ಹುಡುಗನ ಎದೆಯ ಮೇಲೆ ಜಿಂಕೆಯ ಕೊಂಬು ಇಟ್ಟಿದ್ದಾರೆ. ವೇಲ್ಸಿನ ಪ್ಯಾವಿಲೆಂಡ್ ಗವಿಯಲ್ಲಿ 1823ರಲ್ಲಿ ಸಿಕ್ಕ ಅಸ್ಥಿಪಂಜರ ಪೂರ್ತಿ ಕೆಮ್ಮಣ್ಣು ಹತ್ತಿ ಕೆಂಪಾಗಿತ್ತು. ಸಿಕ್ಕವರು ಹೆಂಗಸು ಅಂದುಕೊಂಡು ಕೆಂಪು ಹೆಂಗಸು ಅಂತಲೇ ಹೆಸರಿಟ್ಟರು. ಆಮೇಲೆ ನೋಡಿದರೆ ಹರೆಯದ ಗಂಡಸು, 33,000 ವರ್ಷಕ್ಕೂ ಹಳೆಯವನು. ಕೆಮ್ಮಣ್ಣು! ನಮ್ಮ ಅಮ್ಮಂದಿರು ಹಬ್ಬಕ್ಕೆ ಬಾಗಿಲ ಮುಂದೆ ಬಳಿಯುವ ಅದೇ ಕೆಮ್ಮಣ್ಣು.

ನಮ್ಮ ಹತ್ತಿರಕ್ಕೆ ಬಂದರೆ ಶ್ರೀಲಂಕಾದ ಪಾಹಿಯಂಗಲ ಗವಿ ಇದೆ, ಸುಮಾರು 38,000 ವರ್ಷದಷ್ಟು ಹಳೆಯ ಮನುಷ್ಯರ ಎಲುಬು. ಉತ್ತರ ಪ್ರದೇಶದ ಮಿರ್ಜಾಪುರದ ಕಡೆ ಲೇಖಹಿಯಾ ಅನ್ನುವಲ್ಲಿ ಚಾಚಿದ ಬಂಡೆಯ ಕೆಳಗೆ ಬೇಟೆಗಾರ ಜನರ ಸಮಾಧಿಗಳು ಸಿಕ್ಕಿವೆ.

ಕುಂತಿಬೆಟ್ಟದ ಮಟ್ಟಿಗೆ ಹೇಳುವುದಾದರೆ, ಅಲ್ಲಿನವು ಸುಣ್ಣದಕಲ್ಲು ಕರಗಿ ಆದ ಗವಿಗಳಲ್ಲ. ಗ್ರಾನೈಟ್ ಬಂಡೆ ಬಿರಿದು, ಉರುಳಿ, ಒಂದರ ಮೇಲೊಂದು ನಿಂತು ಆದ ಸಂದಿಗಳು. ಗಾಳಿ ಮಳೆ ಒಳಗೆ ನುಗ್ಗುತ್ತದೆ, ಮಣ್ಣು ನಿಲ್ಲುವುದಿಲ್ಲ.

ಮಣ್ಣು ಪರೀಕ್ಷೆ (ಮಂಡ್ಯ), ಭಾನುವಾರ ಮಧ್ಯಾಹ್ನ 12:48

ಮೇಷ್ಟ್ರು ಹೇಳಿದ್ದಕ್ಕೆ ನನ್ನ ಕೆಲಸದ ಕಡೆಯಿಂದ ಒಂದು ಮಾತು. ದಿನಾ ಹೊಲದ ಮಣ್ಣು ನೋಡುವವನು ನಾನು. ಗ್ರಾನೈಟ್ ಕರಗಿ ಆದ ನಮ್ಮ ಕೆಂಪು ಮಣ್ಣಿಗೆ ಸಾಮಾನ್ಯವಾಗಿ ಹುಳಿ ಗುಣ ಇರುತ್ತದೆ, ನೀರೂ ಬೇಗ ಇಳಿದು ಹೋಗುತ್ತದೆ. ಎಲುಬಿನ ಗಟ್ಟಿತನ ಇರುವುದು ಸುಣ್ಣದ ಅಂಶದಲ್ಲಿ. ಹುಳಿ ಮಣ್ಣಿನಲ್ಲಿ ಅದು ಮೆಲ್ಲಗೆ ಕರಗಿ ಹೋಗುತ್ತದೆ. ಸುಣ್ಣದಕಲ್ಲಿನ ಗವಿಯಲ್ಲಿ ಸೋರುವ ನೀರಿನಲ್ಲೇ ಸುಣ್ಣ ಇರುವುದರಿಂದ ಎಲುಬು ಉಳಿಯುತ್ತದೆ. ಹಾಗಾಗಿ ಕುಂತಿಬೆಟ್ಟದಲ್ಲಿ ಎಲುಬು ಕಾಣಲಿಲ್ಲ ಅಂದ ಮಾತ್ರಕ್ಕೆ ಅಲ್ಲಿ ಯಾರನ್ನೂ ಇಟ್ಟಿರಲಿಲ್ಲ ಅನ್ನಲು ಆಗುವುದಿಲ್ಲ. ಇಟ್ಟಿದ್ದರು ಅನ್ನಲೂ ಆಗುವುದಿಲ್ಲ.

ಸಾಕ್ಷಿ ಬೇಕು, ಭಾನುವಾರ ಮಧ್ಯಾಹ್ನ 2:30

ನಾನು ವಾದಕ್ಕೆ ಬಂದಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ. ಗವಿಯಲ್ಲಿ ಎಲುಬು ಸಿಕ್ಕ ತಕ್ಷಣ ಹೂತಿದ್ದರು ಅಂತ ಹೇಗೆ ಹೇಳುತ್ತಾರೆ? ಚಿರತೆ ಎಳೆದು ತಂದಿರಬಹುದು. ಮಲಗಿದ್ದವರ ಮೇಲೆ ಚಾವಣಿ ಕುಸಿದಿರಬಹುದು. ನಾವು ನಮ್ಮ ಭಾವನೆಯನ್ನು ಅವರ ಮೇಲೆ ಹೇರುತ್ತಿಲ್ಲ ತಾನೇ?

ನಿವೃತ್ತ ಮೇಷ್ಟ್ರು, ಭಾನುವಾರ ಸಂಜೆ 4:05

ಒಳ್ಳೆಯ ಪ್ರಶ್ನೆ. ಇದನ್ನು ಕೇಳದೇ ಹೋದರೆ ತಪ್ಪು.

ನೋಡುವ ಗುರುತುಗಳಿವೆ. ಕೈಕಾಲಿನ ಸಣ್ಣ ಎಲುಬುಗಳೂ ಕೀಲಿಗೆ ಕೀಲು ಸೇರಿದ ಹಾಗೇ ಇವೆಯಾ? ಇದ್ದರೆ ಮೈಯಲ್ಲಿ ಮಾಂಸ ಇರುವಾಗಲೇ ಮಣ್ಣು ಮುಚ್ಚಿದೆ. ಹಲ್ಲಿನ ಗುರುತು ಇದೆಯಾ? ಇದ್ದರೆ ಪ್ರಾಣಿ. ಗುಂಡಿಯ ಅಂಚು ಕಾಣುತ್ತದಾ? ತೋಡಿ ಮತ್ತೆ ತುಂಬಿದ ಮಣ್ಣಿನ ಬಣ್ಣ, ಸಡಿಲ ಎಲ್ಲಾ ಪಕ್ಕದ ಮಣ್ಣಿಗಿಂತ ಬೇರೆ ಇರುತ್ತದೆ. ಬಾವಿ ತೋಡುವವರಿಗೆ ಇದು ಚೆನ್ನಾಗಿ ಗೊತ್ತು. ಕೀನ್ಯಾದ ಮಗುವಿನ ವಿಷಯದಲ್ಲಿ ಇದೆಲ್ಲಾ ನೋಡಿಯೇ ಹೇಳಿದ್ದು.

ಆದರೆ ಎಡವಿದ್ದೂ ಇದೆ. ಇರಾಕಿನ ಶಾನಿದಾರ್ ಗವಿಯಲ್ಲಿ 1953ರಿಂದ 1960ರವರೆಗೆ ರಾಲ್ಫ್ ಸೊಲೆಕಿ ಅನ್ನುವವರು ನಿಯಾಂಡರ್ತಲ್ ಜನರ (ನಮಗೆ ಹತ್ತಿರದ, ಈಗ ಅಳಿದುಹೋದ ಮನುಷ್ಯ ಜಾತಿ) ಅಸ್ಥಿಪಂಜರ ತೆಗೆದರು. ಒಬ್ಬನ ಸುತ್ತ ಹೂವಿನ ಪರಾಗ ಸಿಕ್ಕಿತು. ಹೂವು ಹಾಸಿ ಮಲಗಿಸಿದ್ದರು ಅಂತ ಜಗತ್ತೆಲ್ಲಾ ನಂಬಿತು. ಆಮೇಲೆ ಬಂದವರು, ಬಿಲ ತೋಡುವ ಇಲಿ ಜಾತಿಯ ಪ್ರಾಣಿ ತಂದಿರಬಹುದು, ಗೂಡು ಕಟ್ಟುವ ಜೇನು ಜಾತಿಯ ನೊಣ ತಂದಿರಬಹುದು ಅಂದರು. ಹೂವಿನ ಕತೆ ಈಗ ಗಟ್ಟಿಯಾಗಿ ಉಳಿದಿಲ್ಲ.

ಅದೇ ಗವಿಯಲ್ಲಿ ಇನ್ನೊಬ್ಬನಿದ್ದ. ಮುಖಕ್ಕೆ ಏಟು ಬಿದ್ದು ಒಂದು ಕಣ್ಣು ಬಹುಶಃ ಕಾಣುತ್ತಿರಲಿಲ್ಲ. ಬಲಗೈ ಒಣಗಿ ಮೊಣಕೈಯ ಹತ್ತಿರಕ್ಕೆ ಮುಗಿದಿತ್ತು. ನಡೆಯುವಾಗ ಕುಂಟುತ್ತಿದ್ದ. ಆ ಗಾಯಗಳೆಲ್ಲಾ ಮಾಗಿ, ಅವನು ಎಷ್ಟೋ ವರ್ಷ ಬದುಕಿದ್ದ. ಯಾರೋ ಅವನಿಗೆ ಉಣ್ಣಲು ಕೊಟ್ಟಿದ್ದಾರೆ. ಹೂವಿಗಿಂತ ನನಗೆ ಇದೇ ದೊಡ್ಡದಾಗಿ ಕಾಣುತ್ತದೆ.

ಸಾಕ್ಷಿ ಬೇಕು, ಭಾನುವಾರ ಸಂಜೆ 4:40

ಧನ್ಯವಾದ ಮೇಷ್ಟ್ರೇ. ದಕ್ಷಿಣ ಆಫ್ರಿಕಾದ ಗವಿಯಲ್ಲಿ ಎಲುಬು ಸಿಕ್ಕ ಹೋಮೋ ನಲೇಡಿ ಅನ್ನುವ ಅಳಿದುಹೋದ ಮನುಷ್ಯ ಜಾತಿಯ ವಿಷಯದಲ್ಲೂ ಇದೇ ಜಗಳ ಅಲ್ವಾ? 2013ರಲ್ಲಿ ಸಿಕ್ಕಿದ್ದು. ದಾರಿ ಎಷ್ಟು ಇಕ್ಕಟ್ಟು ಅಂದರೆ ಸಣಕಲು ಮೈಯವರನ್ನೇ ಆರಿಸಿ ಒಳಗೆ ಇಳಿಸಿದರು, ಆರು ಜನ ಹೆಂಗಸರು. ಅಷ್ಟು ಒಳಗೆ ಹೆಣ ಒಯ್ದು ಹೂತಿದ್ದಾರೆ ಅಂತ 2023ರಲ್ಲಿ ಹೇಳಿದಾಗ, ಸಾಕ್ಷಿ ಸಾಲದು ಅಂತ ಬೇರೆ ತಜ್ಞರು ತಕರಾರು ತೆಗೆದರು. ನನಗೆ ಆ ತಕರಾರು ಸರಿ ಅನ್ನಿಸಿತು.

ಕಾಫಿ ತೋಟ (ಸೋಮವಾರಪೇಟೆ ಕಡೆ, ಈಗ ಮೈಸೂರು), ಭಾನುವಾರ ಸಂಜೆ 6:12

ನಮ್ಮ ಕಡೆ ಬೆಟ್ಟದ ಮೇಲೆ ಇಂಥ ಕಲ್ಲಿನ ಮನೆಗಳಿವೆ. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಎದುರಿನ ಚಪ್ಪಡಿಗೆ ದುಂಡಗೆ ಒಂದು ಕಿಂಡಿ. ಮೋರಿ ಅನ್ನುತ್ತೇವೆ. ಅಜ್ಜಿ ಹೇಳುತ್ತಿದ್ದರು, ಮೋರಿಯರು ಅಂದರೆ ಗೇಣುದ್ದದ ಕುಳ್ಳರು, ಬೆಂಕಿ ಮಳೆ ಬರುತ್ತದೆ ಅಂತ ಗೊತ್ತಾಗಿ ಕಲ್ಲಿನ ಮನೆ ಕಟ್ಟಿ ಒಳಗೆ ಸೇರಿಕೊಂಡರು ಅಂತ. ಬ್ರಿಟಿಷರ ಕಾಲದಲ್ಲೇ, 1868ರ ಸುಮಾರಿಗೆ, ವಿರಾಜಪೇಟೆ ಕಡೆ ಇಂಥವನ್ನು ತೆಗೆಸಿ ನೋಡಿದ್ದಾರೆ. ಪಾಂಡುಪಾರೆ ಅಂತ ಆಗಿನ ಬರಹಗಳಲ್ಲಿ ಇದೆ.

ಒಂದು ಸಲ ಆ ಕಿಂಡಿಯಲ್ಲಿ ತಲೆ ತೂರಿಸಿ ನೋಡಿದ್ದೆ. ಹೊರಗೆ ಏಪ್ರಿಲ್ ಬಿಸಿಲು, ಒಳಗೆ ತಣ್ಣಗೆ. ಒದ್ದೆ ಕಲ್ಲಿನ ವಾಸನೆ. ಕಣ್ಣು ಒಗ್ಗಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಥೇಟ್ ಗವಿಯೊಳಗೆ ನೋಡಿದ ಹಾಗೆ.

ನಿವೃತ್ತ ಮೇಷ್ಟ್ರು, ಭಾನುವಾರ ರಾತ್ರಿ 8:20

ನಾನು ಹೇಳಬೇಕು ಅಂದುಕೊಂಡಿದ್ದೂ ಅದೇ. ಗವಿ ಇದ್ದ ಕಡೆ ಗವಿಯಲ್ಲಿಟ್ಟರು. ಇಲ್ಲದ ಕಡೆ ಸತ್ತವರಿಗೆ ಅಂತಲೇ ಒಂದು ಗವಿ ಕಟ್ಟಿದರು. ಈ ಎರಡು ಪದ್ಧತಿಗಳ ನಡುವೆ ಎಷ್ಟೋ ಸಾವಿರ ವರ್ಷ ಕಳೆದಿದೆ, ಒಂದರಿಂದ ಇನ್ನೊಂದು ನೇರವಾಗಿ ಬಂತು ಅಂತ ನಾನು ಹೇಳುತ್ತಿಲ್ಲ. ಆದರೆ ಮುಚ್ಚಿದ ತಂಪು ಕತ್ತಲೆ, ಒಂದು ಸಣ್ಣ ಬಾಯಿ, ಇದು ಎರಡರಲ್ಲೂ ಇದೆ.

ಕೇರಳದಲ್ಲಿ, ನಮ್ಮ ಕರಾವಳಿಯಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಮೆತ್ತನೆಯ ಕೆಂಪುಕಲ್ಲು ಸಿಗುತ್ತದೆ. ಆ ಕಾಲದವರು ಅದನ್ನು ಕೊರೆದು, ಬುಟ್ಟಿ ಬೋರಲು ಹಾಕಿದಂಥ ಚಾವಣಿಯ ಗವಿಗಳನ್ನೇ ಮಾಡಿ, ಒಳಗೆ ಎಲುಬು, ಮಡಕೆ ಇಟ್ಟಿದ್ದಾರೆ. ನಮ್ಮ ಗ್ರಾನೈಟ್ ಕೊರೆಯಲು ಆಗುವುದಿಲ್ಲ, ಆದರೆ ಪದರ ಪದರವಾಗಿ ಏಳುತ್ತದೆ. ಹಾಗಾಗಿ ಚಪ್ಪಡಿ ಎಬ್ಬಿಸಿ ಕೋಣೆ ಕಟ್ಟಿದರು.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಅಗೆದಾಗ ಇಂಥ ಕೋಣೆಗಳು ನೆಲದೊಳಗೇ ಸಿಕ್ಕವು. ಅವರಿಗಿಂತ ಮೊದಲು ನಮ್ಮ ಮೈಸೂರಿನ ಎಂ.ಎಚ್. ಕೃಷ್ಣ ಅಲ್ಲಿ ಕೆಲಸ ಮಾಡಿದ್ದರು, ಅದನ್ನು ಮರೆಯಬಾರದು. ನಾಲ್ಕು ಚಪ್ಪಡಿ ಒಂದಕ್ಕೊಂದು ಒರಗಿ ಬೀಳದ ಹಾಗೆ ನಿಲ್ಲಿಸಿದ್ದಾರೆ. ಪೂರ್ವದ ಚಪ್ಪಡಿಯಲ್ಲಿ ಕಿಂಡಿ. ಒಳಗಿದ್ದದ್ದು ಹೆಚ್ಚಾಗಿ ಬಿಡಿ ಎಲುಬುಗಳು. ಅಂದರೆ ಹೆಣವನ್ನು ಮೊದಲು ಬೇರೆ ಕಡೆ ಇಟ್ಟು, ಆಮೇಲೆ ಎಲುಬು ಆರಿಸಿ ತಂದಿದ್ದಾರೆ. ಒಂದೇ ಕೋಣೆಯಲ್ಲಿ ಹಲವರ ಎಲುಬು. ತಮ್ಮಾ, ನಿನ್ನ ಹೊಲದ ಉಬ್ಬಿನ ಕೆಳಗೂ ಇಂಥ ಕೋಣೆ ಇರಬಹುದು. ಬರೀ ಗುಂಡಿಯೂ ಇರಬಹುದು.

ಎಡೆ ಇಡುವ ಮನೆ (ಮಂಡ್ಯ), ಭಾನುವಾರ ರಾತ್ರಿ 9:33

ಇಷ್ಟು ಹೊತ್ತು ಓದಿ ಓದಿ ಕೊನೆಗೆ ಬರೆಯುತ್ತಿದ್ದೇನೆ. ಕಳೆದ ವರ್ಷ ಅಮ್ಮ ತೀರಿಕೊಂಡರು. ನಮ್ಮಲ್ಲಿ ಸುಡುವುದಿಲ್ಲ, ಸ್ವಂತ ತೋಟದಲ್ಲೇ ಹೂಳುವುದು. ಮೂರನೇ ದಿನ ಹಾಲು ತುಪ್ಪ ಬಿಟ್ಟೆವು. ಅಮ್ಮನಿಗೆ ಇಷ್ಟ ಅಂತ ಹುರಳಿ ಬಸ್ಸಾರು, ಮುದ್ದೆ ಮಾಡಿ ಬಾಳೆ ಎಲೆಯಲ್ಲಿ ಇಟ್ಟೆ. ಎಲೆ ಅಡಿಕೆ ಇಲ್ಲದೇ ಅವರಿಗೆ ಊಟ ಮುಗಿಯುತ್ತಿರಲಿಲ್ಲ, ಅದನ್ನೂ ಇಟ್ಟೆ. ಕಾಗೆ ಬಂದು ಮುಟ್ಟುವವರೆಗೂ ದೂರ ನಿಂತು ಕಾದೆವು.

ನಮ್ಮ ಪಕ್ಕದ ಮನೆ ಲಿಂಗಾಯತರು. ಅವರ ಅಜ್ಜನನ್ನು ಕೂರಿಸಿಯೇ ಸಮಾಧಿ ಮಾಡಿದರು, ವಿಭೂತಿ, ಬಿಲ್ವಪತ್ರೆ ಹಾಕಿ. ಅದನ್ನೂ ನೋಡಿದ್ದೇನೆ.

ದಿಣ್ಣೆಹೊಲದ ತಮ್ಮಾ, ಆ ಬೋಕಿ ಯಾರೋ ತಮ್ಮ ಅಮ್ಮನಿಗೆ ಇಟ್ಟ ಬಟ್ಟಲಿನದು ಇರಬಹುದು. ನಿಮ್ಮ ತಂದೆಯವರಿಗೆ ಈ ಮಾತು ಹೇಳಿ ನೋಡಿ.

ಊರು ಬಿಟ್ಟವನು (ಮೈಸೂರು), ಸೋಮವಾರ ಬೆಳಿಗ್ಗೆ 6:50

ನೋವಿನಿಂದ ಹೇಳುತ್ತಿದ್ದೇನೆ. ನಮ್ಮೂರಿನ ಗುಡ್ಡದಲ್ಲಿ ಇಂಥವು ಏಳೆಂಟು ಇದ್ದವು. ನಿಧಿ ಇದೆ ಅಂತ ಯಾರೋ ಅಮಾವಾಸ್ಯೆ ರಾತ್ರಿ ಬಂದು ಅಗೆದರು. ಬೆಳಿಗ್ಗೆ ಹೋಗಿ ನೋಡಿದರೆ ನಿಂಬೆಹಣ್ಣು, ಕುಂಕುಮ, ಒಡೆದ ಮಡಕೆ. ಚಪ್ಪಡಿ ಎರಡು ತುಂಡಾಗಿತ್ತು. ಚಿನ್ನ ಇರಲಿಲ್ಲ, ಇರುವುದೂ ಇಲ್ಲ. ಉಳಿದವು ಕಲ್ಲು ಕ್ವಾರಿಗೆ ಹೋದವು. ಈಗ ನನ್ನ ಮಕ್ಕಳಿಗೆ ತೋರಿಸಲು ಒಂದೂ ಇಲ್ಲ. ಕೊಪ್ಪಳದ ಹಿರೇಬೆಣಕಲ್ ಬೆಟ್ಟದಲ್ಲಿ ಸುಮಾರು 400 ಉಳಿದಿವೆ. ಅದನ್ನು ನೋಡಲು ಹೋದಾಗ ನಮ್ಮ ಗುಡ್ಡ ನೆನಪಾಗಿ ಕಣ್ಣಲ್ಲಿ ನೀರು ಬಂತು.

ದಿಣ್ಣೆಹೊಲ, ಸೋಮವಾರ ರಾತ್ರಿ 9:15

ಎಲ್ಲರಿಗೂ ಕೈ ಮುಗಿಯುತ್ತೇನೆ. ಇವತ್ತು ಸಂಜೆ ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಗವಿ, ಶತಮಾನ ಇದಕ್ಕೆಲ್ಲಾ ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮಂಡ್ಯದ ಅಕ್ಕ ಬರೆದ ಬಸ್ಸಾರಿನ ಮಾತು ಬಂದಾಗ ಬೋಕಿ ಕೊಡು ಅಂದರು. ತಿರುಗಿಸಿ ತಿರುಗಿಸಿ ನೋಡಿದರು. ಅವರ ಹೆಬ್ಬೆರಳು ದಪ್ಪ, ಆ ಗುಳಿಯಲ್ಲಿ ಕೂರಲಿಲ್ಲ. "ಹೆಂಗಸಿನ ಕೈಯೇ ಇರಬೇಕು" ಅಂದರು. ಜೆಸಿಬಿಯವರಿಗೆ ಅವರೇ ಫೋನ್ ಮಾಡಿ, ಮೂಲೆ ಬಿಟ್ಟು ಸಮ ಮಾಡಿದರೆ ಸಾಕು ಅಂದಿದ್ದಾರೆ. ಸುತ್ತಿನಿಂದ ಇನ್ನೂ ಐದು ಹೆಜ್ಜೆ ಆಚೆಗೆ ಗೂಟ ಹೊಡೆದು ಹಗ್ಗ ಕಟ್ಟಿ ಬಂದೆವು.

ಈಗ ಸರ್ಕಾರಕ್ಕೆ ತಿಳಿಸಿದರೆ ಹೊಲ ಹೋಗುತ್ತದಾ ಅನ್ನುವುದು ಅವರ ಭಯ.

ನಿವೃತ್ತ ಮೇಷ್ಟ್ರು, ಸೋಮವಾರ ರಾತ್ರಿ 9:50

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳು.

ತಿಳಿಸಿದ ಮಾತ್ರಕ್ಕೆ ಹೊಲ ಹೋಗುವುದಿಲ್ಲ. ಪುರಾತತ್ವ ಇಲಾಖೆಯ ಕಚೇರಿ ಮೈಸೂರಿನಲ್ಲೇ ಇದೆ, ಮಾನಸಗಂಗೋತ್ರಿಯಲ್ಲಿ ಪ್ರಾಚೀನ ಇತಿಹಾಸ ವಿಭಾಗವೂ ಇದೆ. ಸರ್ವೆ ನಂಬರ್ ಹಾಕಿ, ಫೋಟೋ ಇಟ್ಟು ಒಂದು ಅರ್ಜಿ ಕೊಡೋಣ, ನಾನೂ ಜೊತೆಗೆ ಬರುತ್ತೇನೆ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಅಳತೆಗೆ ಒಂದು ಕೋಲು ಇಡು. ಬೆಳಿಗ್ಗೆ ಎಳೆಬಿಸಿಲಿನಲ್ಲಿ ತೆಗೆದರೆ ನೆರಳು ಉದ್ದ ಬಿದ್ದು ಉಬ್ಬು ಚೆನ್ನಾಗಿ ಕಾಣುತ್ತದೆ. ನೀವಾಗಿ ಏನನ್ನೂ ಅಗೆಯಬೇಡಿ. ನಿಧಿ ಕಾಯ್ದೆ ಇದೆ. ನೆಲದೊಳಗೆ ಹುದುಗಿದ್ದ ಬೆಲೆಯ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಭಾನುವಾರ ನಾನು ಬಂದು ನೋಡಬಹುದಾ?

ಕುವೆಂಪುನಗರದವಳು, ಸೋಮವಾರ ರಾತ್ರಿ 10:02

ಮೇಷ್ಟ್ರೇ, ನಾನೂ ಬರುತ್ತೇನೆ. ಮಗಳನ್ನೂ ಕರೆತರುತ್ತೇನೆ.

ದಿಣ್ಣೆಹೊಲ, ಸೋಮವಾರ ರಾತ್ರಿ 10:11

ಖಂಡಿತ ಬನ್ನಿ. ಪಾಂಡವಪುರ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದು ಫೋನ್ ಮಾಡಿ, ಆಟೋ ತರುತ್ತೇನೆ. ಊಟ ನಮ್ಮಲ್ಲೇ. ಸಂಗಮದ ಅಕ್ಕ, ಮಂಡ್ಯದ ಅಕ್ಕ, ನೀವೂ ಬನ್ನಿ.

ಮೇಷ್ಟ್ರೇ, ಈ ಬೋಕಿಯನ್ನು ಮತ್ತೆ ಹೊಲದಲ್ಲೇ ಇಡಲಾ?

ನಿವೃತ್ತ ಮೇಷ್ಟ್ರು, ಸೋಮವಾರ ರಾತ್ರಿ 10:20

ಒಂದು ಕವರಿನಲ್ಲಿ ಹಾಕಿ, ಎಲ್ಲಿ ಸಿಕ್ಕಿತು ಅಂತ ಚೀಟಿ ಬರೆದು ಜೊತೆಗೆ ಇಡು. ಬೋಕಿಯ ಮೇಲೆ ಪೆನ್ನಿನಲ್ಲಿ ಬರೆಯಬೇಡ. ಇನ್ನು ತೊಳೆಯಲೂ ಬೇಡ.